ಬೇಲಿ ಹಾಕಿದ್ದು ರಸ್ತೆಗೆ

ನಮ್ಮೂರು ತುಬಚಿಯವರಿಗೆ ಕೃಷ್ಣಾ ಹೊಳೆಯ ಲೆಕ್ಕ ಗೊತ್ತು. ಕೊಯ್ನಾ ಅಣೆಕಟ್ಟಿನಿಂದ ಎಷ್ಟು ನೀರು ಬಿಟ್ಟರು, ಹಿಪ್ಪರಗಿ ಬ್ಯಾರೇಜಿನಲ್ಲಿ ಎಷ್ಟಿದೆ ಎಂದು ವಿಚಾರಿಸಿಕೊಂಡೇ ದನಕರು ಸಾಗಿಸುತ್ತಾರೆ. 2019ರ ಆಗಸ್ಟ್ ಮಹಾಪೂರದ ರಾಡಿ ಬಳಿದು ಇನ್ನೂ ವರ್ಷವಾಗಿರಲಿಲ್ಲ, 2020ರ ಮಾರ್ಚ್ ಬಂತು. ಈ ಸಲವೂ ಸುದ್ದಿ ಮೇಲಿನಿಂದಲೇ ಇಳಿಯಿತು: ಸಾಂಗ್ಲಿ ಜಿಲ್ಲೆಯ ಇಸ್ಲಾಂಪುರದಲ್ಲಿ ಒಂದೇ ಮನೆತನದ ನಂಟಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿಗೆ ಕೊರೊನಾ. ಸಾಂಗ್ಲಿ, ಮಿರಜಿಗೆ ನಮ್ಮ ಕಡೆಯವರ ಓಡಾಟ ನಿತ್ಯದ್ದು.

ನಮ್ಮವರು ಊರ ದಾರಿಗೆ ಜಾಲಿಕಂಟಿ ಹಚ್ಚಿದರು. ಹೊರಗಿನವರು ಬರಬಾರದು. ಸರಿಯೇ, ಆದರೆ ಬೇಲಿ ಕಾಯುವವರೇ ಬಿಸಿಲೇರಿದ ಮೇಲೆ ಬಾಗಿಲು ಮುಂದೆ ಮಾಡಿಕೊಂಡು ಪಡಸಾಲೆಯಲ್ಲಿ ಇಸ್ಪೀಟಿಗೆ ಕೂಡುತ್ತಿದ್ದರು. ಮಾಸ್ತರನಾದ ನನ್ನನ್ನು ಆಶಾ ಕಾರ್ಯಕರ್ತೆಯ ಜೊತೆ ಮನೆಮನೆ ಸರ್ವೆಗೆ ಹಾಕಿದ್ದರಿಂದ ಇದೆಲ್ಲ ಕಣ್ಣಿಗೆ ಬೀಳುತ್ತಿತ್ತು. ನಮ್ಮ ಮಣ್ಣಿನ ಮಾಳಿಗೆ ಮನೆಗಳು ಬೇಸಿಗೆಗೆ ತಂಪು, ಗಾಳಿಗೆ ಬಡತನ. ಎಷ್ಟೋ ಮನೆಗಳಲ್ಲಿ ಬೆಳಕಿಂಡಿ ಬಿಟ್ಟರೆ ಕಿಟಕಿಯೇ ಇಲ್ಲ.

ರಸ್ತೆಗೆ ಔಷಧ ಸಿಂಪಡಿಸುವುದರಲ್ಲಿ ದೇಶವೆಲ್ಲ ಮುಳುಗಿದ್ದಾಗ, 2020ರ ಜುಲೈನಲ್ಲಿ 239 ವಿಜ್ಞಾನಿಗಳು ಈ ರೋಗ ಗಾಳಿಯಲ್ಲೂ ಹರಡುತ್ತದೆ, ಗಮನಿಸಿ ಎಂದು ವಿಶ್ವ ಆರೋಗ್ಯ ಸಂಸ್ಥೆಗೆ ಬಹಿರಂಗ ಪತ್ರ ಬರೆದರು. ಸೋಂಕಿದ್ದವರು ಮಾತಾಡಿದರೂ, ಉಸಿರು ಬಿಟ್ಟರೂ ಸಣ್ಣ ಹನಿಗಳು ಮುಚ್ಚಿದ ಕೋಣೆಯಲ್ಲಿ ಬಹಳ ಹೊತ್ತು ತೇಲುತ್ತವೆ. ಬಯಲಿನಲ್ಲಿ ಚದುರಿಹೋಗುತ್ತವೆ. ಪ್ಲೇಗಿನ ಕಾಲದಲ್ಲಿ ಹಿರಿಯರು ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿದ್ದು ಇಲಿ, ಚಿಗಟಗಳಿಂದ ದೂರವಾಗಲಿಕ್ಕೆ. ಕಾರಣ ಬೇರೆಯಾದರೂ ಆ ಬಯಲು ಕೊರೊನಾಕ್ಕೂ ಒಳ್ಳೆಯ ಮದ್ದೇ ಆಗುತ್ತಿತ್ತು. ಸಾಬೂನಿನಿಂದ ಕೈ ತೊಳೆಯುವುದು ಬೇಡವೆಂದಲ್ಲ. ವೈರಸ್ಸಿನ ಮೇಲಿನ ಕೊಬ್ಬಿನ ಪದರವನ್ನು ಅದು ಒಡೆಯುತ್ತದೆ. ಆದರೆ ಮಾಸ್ಕ್ ಗದ್ದಕ್ಕಿಳಿಸಿ, ಕೈ ಮಾತ್ರ ತೊಳೆದರೆ ಅರ್ಧ ಕೆಲಸವೂ ಆಗದು.

ನಿಜವಾದ ಪರೀಕ್ಷೆ 2021ರ ಏಪ್ರಿಲ್, ಮೇ ತಿಂಗಳದ್ದು. ಮನೆ ಮುಂದೆ ನಿಂತು ಕೇಳಿದರೆ ಒಳಗಿನಿಂದ ಒಂದೇ ಉತ್ತರ: "ಬರೇ ಥಂಡಿ ಜ್ವರ ಬಂದಾವರಿ ಮಾಸ್ತರ, ಟೈಫಾಯಿಡ್ ಅಂದಾರ." ಆಂಬುಲೆನ್ಸ್ ಬಂದರೆ ಓಣಿಯವರು ಏನಂದಾರು ಎಂಬ ಹೆದರಿಕೆ ಜ್ವರಕ್ಕಿಂತ ದೊಡ್ಡದಿತ್ತು. ಹೆಸರು ಬರೆದುಕೊಳ್ಳುವುದನ್ನು ಬಿಟ್ಟು, ಮೊದಲು ಆಕ್ಸಿಮೀಟರ್ ಹಿಡಿದು "ಯವ್ವಾ, ಬೆರಳು ಕೊಡು" ಎನ್ನತೊಡಗಿದೆವು. ಬಾಗಿಲು ತೆರೆದದ್ದು ಆಮೇಲೆ.

ಕಟ್ಟೆಯ ಮೇಲೆ ಎಲೆ ಅಡಿಕೆ ಹಾಕಿಕೊಂಡು ಆರಾಮಾಗಿ ಮಾತಾಡುತ್ತಿದ್ದ ಒಬ್ಬ ಅಜ್ಜನ ಬೆರಳಿಗೆ ಆಕ್ಸಿಮೀಟರ್ ಹಚ್ಚಿದರೆ 86. ಕೈ ತಣ್ಣಗಿದ್ದೀತೆಂದು ಉಜ್ಜಿ ಮತ್ತೆ ನೋಡಿದೆವು, ಅಷ್ಟೇ. ಏದುಸಿರಿಲ್ಲದೆಯೂ ರಕ್ತದಲ್ಲಿ ಆಮ್ಲಜನಕ ಕುಸಿಯುವುದು ಈ ರೋಗದ ಕಪಟ. 94ಕ್ಕಿಂತ ಕೆಳಗಿದ್ದರೆ ತಡಮಾಡುವಂತಿಲ್ಲ. ಕೂತಾಗ ಸರಿಯಿದ್ದರೂ ಆರು ನಿಮಿಷ ನಡೆದ ಮೇಲೆ ಅಂಕಿ ಇಳಿದರೆ ಅದೂ ಎಚ್ಚರಿಕೆ. ಅಜ್ಜನನ್ನು ಬೋರಲು ಮಲಗಿಸಿಯೇ ಜಮಖಂಡಿಯ ಆಸ್ಪತ್ರೆಗೆ ಕರೆದೊಯ್ದರು. ಬದುಕಿ ಬಂದ.

ಎಲ್ಲರೂ ಬರಲಿಲ್ಲ. ಜ್ವರ ಬಂದ ದಿನವೇ ಸಲೈನು, ಅದರೊಳಗೆ ಸ್ಟೆರಾಯ್ಡ್ ಏರಿಸುವ ಚಾಳಿ ಹಳ್ಳಿಗಳಲ್ಲಿ ಜೋರಾಗಿತ್ತು. ಮರುದಿನ ಹುರುಪು ಬರುತ್ತದೆ, ಜನ ಕೈಗುಣ ಅನ್ನುತ್ತಾರೆ. ಬ್ರಿಟನ್ನಿನ ರಿಕವರಿ ಅಧ್ಯಯನ 2020ರ ಜೂನಿನಲ್ಲೇ ಹೇಳಿತ್ತು: ಡೆಕ್ಸಾಮೆಥಾಸೋನ್ ಜೀವ ಉಳಿಸುವುದು ಆಮ್ಲಜನಕದ ಆಸರೆ ಬೇಕಾದವರಿಗೆ, ಉಳಿದವರಿಗೆ ಲಾಭವಿಲ್ಲ. ಸಕ್ಕರೆ ಕಾಯಿಲೆಯವರಿಗೆ ಬೇಕಾಬಿಟ್ಟಿ ಸ್ಟೆರಾಯ್ಡ್ ಕಪ್ಪು ಶಿಲೀಂಧ್ರಕ್ಕೆ ದಾರಿ ಮಾಡಿಕೊಟ್ಟಿತು. ಈ ವಿಷಯದಲ್ಲಿ ನನಗೆ ಇನ್ನೂ ಸಿಟ್ಟಿದೆ.

ಲಸಿಕೆಗೆ ಹೆದರಿದವರನ್ನು ಒಪ್ಪಿಸಿದ್ದು ಭಾಷಣವಲ್ಲ. ಮೊದಲು ಹಾಕಿಸಿಕೊಂಡ ಮುದುಕಿಯರು ಮರುವಾರ ಕಳೆ ತೆಗೆಯಲು ಹೊಲಕ್ಕೆ ಹೋದದ್ದು.

ವಿಶ್ವ ಆರೋಗ್ಯ ಸಂಸ್ಥೆ ತುರ್ತುಸ್ಥಿತಿ ಮುಗಿಯಿತೆಂದು 2023ರ ಮೇ 5ರಂದು ಸಾರಿತು. ವೈರಸ್ಸು ಹೋಗಿಲ್ಲ, ಮುಂದೆ ಬೇರೆ ಹೆಸರಿನದೂ ಬಂದೀತು. ಹೊಸ ಮನೆ ಕಟ್ಟುವವರು ಪ್ರತಿ ಕೋಣೆಗೆ ಎದುರುಬದುರು ಕಿಟಕಿ ಇಡಿಸಿ. ಕಪಾಟಿನಲ್ಲಿ ಬಿದ್ದಿರುವ ಆಕ್ಸಿಮೀಟರನ್ನು ಇವತ್ತೇ ತೆಗೆದು ನೋಡಿ, ಸೆಲ್ಲು ಸೋರಿದ್ದರೆ ಬದಲಿಸಿ.