ಅಪರಾಧಶಾಸ್ತ್ರದ ಪದವಿ: ಆಯ್ಕೆಗೆ ಮುನ್ನ

ಅಪರಾಧಶಾಸ್ತ್ರ ಓದಬೇಕೇ ಎಂಬ ಪ್ರಶ್ನೆಗೆ ಉತ್ತರ, ವಿದ್ಯಾರ್ಥಿ ಬಯಸುವ ಹುದ್ದೆಯನ್ನು ಅವಲಂಬಿಸಿದೆ.

ಪೊಲೀಸ್ ಸಬ್ ಇನ್‌ಸ್ಪೆಕ್ಟರ್ ಹುದ್ದೆಗೆ ಯಾವುದೇ ಪದವಿ ಸಾಕು. ದೈಹಿಕ ಮತ್ತು ಲಿಖಿತ ಪರೀಕ್ಷೆಗಳೇ ನಿರ್ಣಾಯಕ. ಅಪರಾಧಶಾಸ್ತ್ರ ಇಲ್ಲಿ ಸಹಾಯಕ, ಕಡ್ಡಾಯವಲ್ಲ. ವಕೀಲಿಕೆಗೂ ಸಿವಿಲ್ ನ್ಯಾಯಾಧೀಶರ ಹುದ್ದೆಗೂ ಕಾನೂನು ಪದವಿ ಬೇಕೇ ಬೇಕು: ಪಿಯುಸಿ ನಂತರವಾದರೆ 5 ವರ್ಷ, ಬೇರೆ ಪದವಿಯ ನಂತರವಾದರೆ 3 ವರ್ಷ.

ಬೆಂಗಳೂರಿನ ಬಿಟಿಎಂ ಲೇಔಟ್‌ಗೆ ಸಮೀಪದ ಮಡಿವಾಳದಲ್ಲಿರುವ ರಾಜ್ಯ ವಿಧಿವಿಜ್ಞಾನ ಪ್ರಯೋಗಾಲಯದಂಥ ಕಡೆ ಕೆಲಸ ಮಾಡುವ ಆಸೆಯಿದ್ದರೆ ಪಿಯುಸಿಯಲ್ಲೇ ವಿಜ್ಞಾನ ಓದಿರಬೇಕು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 176ನೇ ಕಲಮು, 7 ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಹೋಗಿ ಸಾಕ್ಷ್ಯ ಸಂಗ್ರಹಿಸಬೇಕೆನ್ನುತ್ತದೆ. ರಾಜ್ಯಗಳು ಇದನ್ನು 5 ವರ್ಷಗಳೊಳಗೆ ಜಾರಿಗೊಳಿಸಬೇಕು. ಹೀಗಾಗಿ ಈ ಕ್ಷೇತ್ರಕ್ಕೆ ಬೇಡಿಕೆ ಹೆಚ್ಚುವ ನಿರೀಕ್ಷೆಯಿದೆ.

ಅಪರಾಧದ ಸಾಮಾಜಿಕ ಕಾರಣ, ಕೈದಿಗಳ ಪುನರ್ವಸತಿ, ಸಂಶೋಧನೆಗಳಲ್ಲಿ ಆಸಕ್ತಿಯುಳ್ಳವರಿಗೆ ಅಪರಾಧಶಾಸ್ತ್ರವೇ ಸೂಕ್ತ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಇದಕ್ಕೆ ಪ್ರತ್ಯೇಕ ವಿಭಾಗವೇ ಇದೆ.

ವಿದ್ಯಾರ್ಥಿಗಳು ಪ್ರವೇಶಕ್ಕೆ ಮೊದಲು ಕೋರ್ಸಿನ ಮಾನ್ಯತೆ, ಪ್ರಯೋಗಾಲಯ ಸೌಲಭ್ಯ, ಹಿಂದಿನ ನೇಮಕಾತಿ ಅಧಿಸೂಚನೆಗಳಲ್ಲಿನ ಅರ್ಹತೆಗಳನ್ನು ಪರಿಶೀಲಿಸಬೇಕು. ಗುರಿ ಇನ್ನೂ ಖಚಿತವಾಗದವರಿಗೆ ಹಲವು ದಾರಿ ತೆರೆದಿಡುವ ಕಾನೂನು ಪದವಿಯೇ ಸುರಕ್ಷಿತ ಆಯ್ಕೆ.