ನೀರುಬೂಷ್ಟು ಮತ್ತು ಬೆಳ್ಳಿಯ ಕಣ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳ ರೇಷ್ಮೆ ಬೆಳೆಗಾರರಿಗೆ ಸುಣ್ಣಕಟ್ಟು ರೋಗವನ್ನು ಯಾರೂ ಪರಿಚಯ ಮಾಡಿಕೊಡಬೇಕಾಗಿಲ್ಲ. ತಂಪುಹವೆಯ ದಿನಗಳಲ್ಲಿ ಹುಳು ಮೇವು ಬಿಡುತ್ತದೆ, ಸತ್ತು ಸೆಟೆದುಕೊಳ್ಳುತ್ತದೆ, ಬಳಿಕ ಅದರ ಮೈಯೆಲ್ಲ ಸುಣ್ಣ ಬಳಿದಂತೆ ಬೆಳ್ಳಗಾಗುತ್ತದೆ. ಆ ಬಿಳುಪು ಒಂದು ಬೂಷ್ಟು. ಈ ರೋಗಕ್ಕೆ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಯೊಂದು ಕಾರಣವೆಂಬುದನ್ನು ಇಟಲಿಯ ಅಗೊಸ್ಟಿನೊ ಬಸ್ಸಿ ಎಂಬಾತನು 1835ರಲ್ಲಿ ಪ್ರಕಟಿಸಿದನು. ಪ್ರಾಣಿಗಳ ರೋಗಕ್ಕೆ ಸೂಕ್ಷ್ಮಜೀವಿ ಕಾರಣವಾಗಬಲ್ಲದೆಂಬ ತಿಳಿವಳಿಕೆಗೆ ಬುನಾದಿ ಹಾಕಿದ್ದು ಈ ಪುಟ್ಟ ಹುಳು.

ಇದೇ ಸೀಮೆಯಲ್ಲಿ ರೇಷ್ಮೆಯಷ್ಟು ಹೆಸರಾಗದ ಇನ್ನೊಂದು ಸಾಕಣೆಯೂ ಉಂಟು. ಅದು ಮೀನಿನದು. ಚನ್ನಪಟ್ಟಣದ ಬಳಿ 1946ರಲ್ಲಿ ಕಟ್ಟಿದ ಕಣ್ವ ಜಲಾಶಯ, ಮಾಗಡಿ ತಾಲ್ಲೂಕಿನ ಮಂಚನಬೆಲೆ, ಕನಕಪುರ ತಾಲ್ಲೂಕಿನ ಹಾರೋಬೆಲೆ, ಇವುಗಳ ಜೊತೆಗೆ ಊರೂರಿನ ಕೆರೆಗಳು, ಹೊಲದ ಮೂಲೆಯಲ್ಲಿ ತೋಡಿದ ಹೊಂಡಗಳು. ಇವೆಲ್ಲ ಕಾಟ್ಲಾ, ರೋಹು, ಮೃಗಾಲ್, ಸಾಮಾನ್ಯ ಗೆಂಡೆ ಮುಂತಾದ ಮೀನುಗಳನ್ನು ಬೆಳೆಸಲು ಒದಗುವ ನೀರು. ಸುಣ್ಣಕಟ್ಟಿಗೆ ಹೋಲುವ ಒಂದು ಬಿಳುಪು ಈ ನೀರಿನಲ್ಲಿಯೂ ಕಾಣಿಸಿಕೊಳ್ಳಬಲ್ಲದು. ಬಲೆಗೆ ಉಜ್ಜಿ ಹುರುಪೆ ಕಿತ್ತ ಕಡೆ, ಮರಿಗಳನ್ನು ಸಾಗಿಸುವಾಗ ಮೈಯ ಲೋಳೆ ಅಳಿಸಿಹೋದ ಕಡೆ, ಹತ್ತಿಯ ಎಳೆಗಳಂಥ ಕುಚ್ಚು ಹುಟ್ಟುತ್ತದೆ. ನೀರಿನಲ್ಲಿ ಅದು ಹರಡಿಕೊಂಡು ಅಲುಗಾಡುತ್ತಿರುತ್ತದೆ. ಮೀನನ್ನು ಮೇಲಕ್ಕೆತ್ತಿದೊಡನೆ ಒದ್ದೆ ಬಟ್ಟೆಯಂತೆ ಮೈಗೆ ಅಂಟಿಕೊಳ್ಳುತ್ತದೆ. ಇದರ ಹೆಸರು ಸಪ್ರೊಲೆಗ್ನಿಯ; ಕನ್ನಡದಲ್ಲಿ ನೀರುಬೂಷ್ಟು ಎನ್ನಬಹುದು. ನೀರು ತಣ್ಣಗಾದಾಗ, ಮೀನು ಬಳಲಿದಾಗ ಇದರ ಕೈ ಮೇಲಾಗುತ್ತದೆ.

ಬೂಷ್ಟು ಎಂದು ಕರೆದರೂ ಇದು ನಿಜವಾದ ಶಿಲೀಂಧ್ರವಲ್ಲ. ನಿಜವಾದ ಶಿಲೀಂಧ್ರಗಳ ಕೋಶಭಿತ್ತಿಯಲ್ಲಿ ಕೈಟಿನ್ ಎಂಬ ವಸ್ತು ಪ್ರಧಾನವಾಗಿರುತ್ತದೆ. ನೀರುಬೂಷ್ಟಿನ ಭಿತ್ತಿಯಲ್ಲಿ ಇರುವುದು ಗಿಡಮರಗಳಲ್ಲಿರುವಂಥ ಸೆಲ್ಯುಲೋಸ್. ಇದರ ಬೀಜಾಣುಗಳಿಗೆ ಚಾಟಿಯಂಥ ಎರಡೆರಡು ಎಳೆಗಳಿದ್ದು, ಅವು ನೀರಿನಲ್ಲಿ ಈಜುತ್ತ ಗಾಯವನ್ನು ಹುಡುಕಿ ಹೋಗುತ್ತವೆ. ಮಲೆನಾಡಿನ ಅಡಿಕೆ ತೋಟಗಳನ್ನು ಮಳೆಗಾಲದಲ್ಲಿ ಹಾಳುಗೆಡಹುವ ಕೊಳೆರೋಗದ ಜೀವಿಯೂ ಇದೇ ಬಳಗದ್ದು. 1845ರಿಂದ ಐರ್ಲೆಂಡಿನಲ್ಲಿ ಆಲೂಗಡ್ಡೆಯನ್ನು ಕೊಳೆಯಿಸಿ ಭೀಕರ ಕ್ಷಾಮಕ್ಕೆ ಕಾರಣವಾದುದೂ ಇದರ ದಾಯಾದಿಯೇ.

ದೊಡ್ಡ ಮೀನಿಗಿಂತ ಮೊಟ್ಟೆಗೆ ಇದರಿಂದ ಹೆಚ್ಚಿನ ಅಪಾಯ. ಮೊದಲು ಇದು ಫಲಗೊಳ್ಳದೆ ಸತ್ತ ಮೊಟ್ಟೆಯ ಮೇಲೆ ಬೇರೂರುತ್ತದೆ. ಅಲ್ಲಿಂದ ಎಳೆ ಚಾಚಿ ಪಕ್ಕದ ಜೀವಂತ ಮೊಟ್ಟೆಗಳನ್ನು ಸುತ್ತಿ ಉಸಿರುಗಟ್ಟಿಸುತ್ತದೆ. ಎಲ್ಲ ಮೀನುಗಳ ಮೊಟ್ಟೆಗೂ ಈ ಭಯ ಒಂದೇ ಸಮನಾಗಿಲ್ಲ. ಕಾಟ್ಲಾ, ರೋಹುಗಳ ಮೊಟ್ಟೆ ಬಿಡಿಬಿಡಿಯಾಗಿ ನೀರಿನಲ್ಲಿ ತೇಲಾಡುತ್ತ ಒಂದು ದಿನದೊಳಗೇ ಒಡೆದು ಮರಿಯಾಗುತ್ತದೆ. ಬೂಷ್ಟಿಗೆ ಅಷ್ಟರಲ್ಲಿ ಬೆಳೆಯಲು ಸಮಯವೇ ಸಾಲದು. ಸಾಮಾನ್ಯ ಗೆಂಡೆಯ ಮೊಟ್ಟೆಯಾದರೋ ಅಂಟುಳ್ಳದ್ದು. ನೀರುಗಿಡಗಳಿಗೆ ಒತ್ತೊತ್ತಾಗಿ ಹತ್ತಿಕೊಂಡು ಎರಡು ಮೂರು ದಿನ ಇರುತ್ತದೆ. ಚಳಿದೇಶದ ಟ್ರೌಟ್ ಮೀನಿನ ಮೊಟ್ಟೆಗೆ ಒಂದು ತಿಂಗಳೇ ಬೇಕಾಗಬಹುದು. ಕಾಯುವ ದಿನಗಳು ಹೆಚ್ಚಿದಷ್ಟೂ ನಷ್ಟ ಹೆಚ್ಚು.

ಈ ಬಳಗದ ಮೇಲೆ ಲೋಹವನ್ನು ಪ್ರಯೋಗಿಸುವುದು ಹೊಸ ವಿಚಾರವೇನಲ್ಲ. ಮೈಲುತುತ್ತವನ್ನೂ ಸುಣ್ಣವನ್ನೂ ಬೆರೆಸಿದ ಬೋರ್ಡೋ ದ್ರಾವಣವು ಫ್ರಾನ್ಸಿನ ದ್ರಾಕ್ಷಿತೋಟಗಳಲ್ಲಿ 1880ರ ದಶಕದಲ್ಲಿ ರೂಪುಗೊಂಡಿತು. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅವರು ಅಡಿಕೆಯ ಕೊಳೆರೋಗವನ್ನು ಅಧ್ಯಯನ ಮಾಡಿ ಈ ದ್ರಾವಣದ ಸಿಂಪಡಣೆಯನ್ನು ಬಳಕೆಗೆ ತಂದರು. ಅದರಲ್ಲಿ ಕೆಲಸ ಮಾಡುವುದು ತಾಮ್ರ. ಮರದ ಮೇಲೆ ಇದು ಸುಲಭ. ಗೊನೆಗೆ ಸಿಂಪಡಿಸಿದ ತಾಮ್ರವನ್ನು ಮರವು ಉಸಿರಾಡುವುದಿಲ್ಲ. ಮೀನಾದರೋ ಔಷಧ ಬೆರೆತ ನೀರಿನಲ್ಲಿಯೇ ಉಸಿರಾಡಬೇಕು. ಅಲ್ಲದೆ ಗಡಸು ನೀರಿನಲ್ಲಿ ತಾಮ್ರದ ವಿಷ ತಗ್ಗುತ್ತದೆ, ಮೆದು ನೀರಿನಲ್ಲಿ ಏರುತ್ತದೆ. ಒಂದು ಕೊಳದಲ್ಲಿ ಮೀನನ್ನು ಉಳಿಸಿದ ಅಳತೆ ಇನ್ನೊಂದು ಕೊಳದಲ್ಲಿ ಅದನ್ನು ಕೊಲ್ಲಲೂಬಹುದು.

ಆದ್ದರಿಂದ ಮೀನು ಸಾಕುವವರು ಬೇರೊಂದು ವಸ್ತುವಿಗೆ ಮೊರೆಹೋದರು. ಅದು ಮ್ಯಾಲಕೈಟ್ ಗ್ರೀನ್ ಎಂಬ ಬಣ್ಣ. ಹೆಸರು ತಾಮ್ರದ ಅದಿರಿನದಾದರೂ ಅದರಲ್ಲಿ ತಾಮ್ರವಿಲ್ಲ. ಹಸುರಿನ ಹೋಲಿಕೆಯಿಂದ ಬಂದ ಹೆಸರು ಅಷ್ಟೆ. 1930ರ ದಶಕದಿಂದ ಹಲವು ದೇಶಗಳಲ್ಲಿ ಇದು ನೀರುಬೂಷ್ಟಿಗೆ ರಾಮಬಾಣವಾಗಿತ್ತು. ಆದರೆ ಇದರ ಅಂಶ ಮೀನಿನ ಮಾಂಸದಲ್ಲಿ ಬಹುಕಾಲ ಉಳಿಯುತ್ತದೆ, ತಿನ್ನುವವರಿಗೆ ಕೇಡು ತರಬಹುದು ಎಂಬುದು ತಿಳಿದ ಮೇಲೆ ಅನೇಕ ರಾಷ್ಟ್ರಗಳು ಆಹಾರದ ಮೀನಿಗೆ ಇದನ್ನು ನಿಷೇಧಿಸಿದವು. ಇಷ್ಟು ಚೆನ್ನಾಗಿ ಕೆಲಸ ಮಾಡುವ ಇನ್ನೊಂದು ಮದ್ದು ಸುಲಭವಾಗಿ ಸಿಕ್ಕಲಿಲ್ಲ. ಆ ತೆರವಾದ ಸ್ಥಾನಕ್ಕಾಗಿ ನಡೆದ ಹುಡುಕಾಟದಲ್ಲಿಯೇ ವಿಜ್ಞಾನಿಗಳ ಕಣ್ಣು ಲೋಹದ ನ್ಯಾನೋಕಣಗಳತ್ತ, ಮುಖ್ಯವಾಗಿ ಬೆಳ್ಳಿಯತ್ತ, ಹೊರಳಿತು.

ಒಂದು ಮೀಟರನ್ನು ನೂರು ಕೋಟಿ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲೇ ನ್ಯಾನೋಮೀಟರು. ಒಂದರಿಂದ ನೂರು ನ್ಯಾನೋಮೀಟರಿನ ಒಳಗಿನ ಕಣಗಳಿಗೆ ನ್ಯಾನೋಕಣಗಳೆಂದು ಹೆಸರು. ಇಷ್ಟು ಸಣ್ಣದಾದರೆ ಏನು ಲಾಭವೆಂಬುದನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಪ್ರತಿ ಬದಿಯೂ ಒಂದು ಸೆಂಟಿಮೀಟರು ಇರುವ ಬೆಳ್ಳಿಯ ಘನವೊಂದರ ಹೊರಮೈ 6 ಚದರ ಸೆಂಟಿಮೀಟರು. ಅದೇ ಬೆಳ್ಳಿಯನ್ನು 10 ನ್ಯಾನೋಮೀಟರ್ ಬದಿಯ ಘನಗಳಾಗಿ ಕತ್ತರಿಸಿದರೆ ಅವುಗಳ ಒಟ್ಟು ಹೊರಮೈ 600 ಚದರ ಮೀಟರು, ಅಂದರೆ ಹೆಚ್ಚುಕಡಿಮೆ ಆರು ಗುಂಟೆ! ಬೆಳ್ಳಿ ಹೆಚ್ಚಿಲ್ಲ, ನೀರಿಗೆ ತಾಗುವ ಮೈ ಮಾತ್ರ ಹತ್ತು ಲಕ್ಷ ಪಟ್ಟು ಹೆಚ್ಚಿದೆ. ಆ ಮೈಯಿಂದ ಬೆಳ್ಳಿಯ ಅಯಾನುಗಳು ಸ್ವಲ್ಪಸ್ವಲ್ಪವಾಗಿ ಬಿಡುಗಡೆಯಾಗಿ ಬೂಷ್ಟಿನ ಪ್ರೋಟೀನುಗಳಲ್ಲಿರುವ ಗಂಧಕದ ಭಾಗಕ್ಕೆ ಅಂಟಿಕೊಂಡು ಅವುಗಳ ಕೆಲಸವನ್ನು ನಿಲ್ಲಿಸುತ್ತವೆ. ಇಂಥ ಕಣಗಳ ತಯಾರಿಕೆಗೆ ದೊಡ್ಡ ಯಂತ್ರವೇ ಬೇಕೆಂದಿಲ್ಲ. ಸಿಲ್ವರ್ ನೈಟ್ರೇಟ್ ದ್ರಾವಣಕ್ಕೆ ಬೇವಿನ ಎಲೆಯ ಕಷಾಯವನ್ನು ಬೆರೆಸಿದರೆ, ತಿಳಿಯಾದ ದ್ರಾವಣ ಕಂದುಬಣ್ಣಕ್ಕೆ ತಿರುಗುವುದೇ ಕಣಗಳು ಹುಟ್ಟಿದ ಗುರುತು.

ಗಾಜಿನ ತಟ್ಟೆಯಲ್ಲಿ ಬೆಳೆಸಿದ ನೀರುಬೂಷ್ಟು ಬೆಳ್ಳಿಯ ಕಣಗಳಿಗೆ ಸೋಲುತ್ತದೆಂಬುದು ಪ್ರಯೋಗಗಳಲ್ಲಿ ಕಂಡುಬಂದಿದೆ. ಆದರೆ ಗಾಜಿನ ತಟ್ಟೆಯಲ್ಲಿ ಮೀನು ಇರುವುದಿಲ್ಲ. ಸಿಹಿನೀರಿನ ಮೀನು ತನ್ನ ದೇಹಕ್ಕೆ ಬೇಕಾದ ಉಪ್ಪಿನ ಅಂಶವನ್ನು ಕಿವಿರುಗಳ ಮೂಲಕ ನೀರಿನಿಂದ ಹೀರಿಕೊಳ್ಳುತ್ತಿರುತ್ತದೆ. ಬೆಳ್ಳಿಯ ಅಯಾನು ಆ ಬಾಗಿಲನ್ನೇ ಮುಚ್ಚಿಬಿಡುತ್ತದೆ. ರಕ್ತದ ಉಪ್ಪು ಇಳಿದುಹೋಗಿ ಮೀನು ಸಾಯುತ್ತದೆ. ಬೂಷ್ಟನ್ನು ಕೊಲ್ಲುವ ಗುಣವೂ ಮೀನನ್ನು ಕೊಲ್ಲುವ ಗುಣವೂ ಎರಡಲ್ಲ, ಒಂದೇ. ಜಾಹೀರಾತುಗಳಲ್ಲಿ ಈ ಮಾತು ಕಾಣಸಿಗುವುದು ಅಪರೂಪ.

ಈ ಇಕ್ಕಟ್ಟಿನಿಂದ ಪಾರಾಗಲು ಇರಾನಿನ ಸಂಶೋಧಕರು ಒಂದು ಉಪಾಯವನ್ನು ಹೂಡಿದರು. ಬೆಳ್ಳಿಯನ್ನು ನೀರಿಗೆ ಸುರಿಯುವ ಬದಲು ಜಿಯೋಲೈಟ್ ಎಂಬ ರಂಧ್ರಮಯ ಖನಿಜದ ಹರಳುಗಳಿಗೆ ಲೇಪಿಸಿ, ಟ್ರೌಟ್ ಮೊಟ್ಟೆಗಳಿಗೆ ಹರಿಯುವ ನೀರನ್ನು ಆ ಹರಳುಗಳ ನಡುವೆ ಸೋಸಿ ಬಿಟ್ಟರು. ಬೀಜಾಣು ಬೆಳ್ಳಿಯನ್ನು ಮುಟ್ಟಲೇಬೇಕು, ಮೊಟ್ಟೆ ಮುಟ್ಟಬೇಕಾಗಿಲ್ಲ. ಬಾವಿಗೆ ಮದ್ದು ಹಾಕದೆ ಕೊಡದ ಬಾಯಿಗೆ ಶೋಧನೆಬಟ್ಟೆ ಕಟ್ಟುವಂಥ ಯುಕ್ತಿಯಿದು. ಮರಿ ಮಾಡುವ ತೊಟ್ಟಿಗಳಿಗೆ ಇದು ಒಪ್ಪುತ್ತದೆ. ಎಕರೆಗಟ್ಟಲೆ ಹರಡಿದ ಕೆರೆಗೆ ಒಪ್ಪುವುದಿಲ್ಲ. ಸೋಸುವ ಹರಳಿನಿಂದಲೂ ಬೆಳ್ಳಿ ಅಷ್ಟಿಷ್ಟು ಕಳಚಿ ಹೋಗಬಹುದಾದ್ದರಿಂದ, ಹೊರಬಿಡುವ ನೀರನ್ನು ಅಳೆದು ನೋಡುವ ಏರ್ಪಾಡೂ ಬೇಕು.

ಈ ಸೀಮೆಗೆ ಆ ಅಳತೆ ಮುಖ್ಯವಾದುದು. ಮಂಚನಬೆಲೆಯನ್ನು ದಾಟಿದ ಅರ್ಕಾವತಿ ರಾಮನಗರ, ಕನಕಪುರಗಳನ್ನು ಹಾದು, ಹಾರೋಬೆಲೆಯಲ್ಲಿ ತಂಗಿ, ಸಂಗಮದಲ್ಲಿ ಕಾವೇರಿಯನ್ನು ಕೂಡುತ್ತದೆ. ಮೇಲಿನ ಕೊಳದಿಂದ ಹಳ್ಳಕ್ಕೆ ಬಿಟ್ಟದ್ದು ಕೆಳಗಿನವರ ಪಾಲು. ಕಾವೇರಿ ಮತ್ತು ಅದರ ಉಪನದಿಗಳ ಹೊರಗೆ ಎಲ್ಲಿಯೂ ಸಹಜವಾಗಿ ಕಾಣಸಿಗದ ಗೂನುಬೆನ್ನಿನ ಮಹಸೀರ್ ಮೀನನ್ನು 2018ರಲ್ಲಿ ಅಳಿವಿನ ಅಂಚಿನ ಜೀವಿಗಳ ಪಟ್ಟಿಗೆ ಸೇರಿಸಲಾಯಿತು.

ಸದ್ಯಕ್ಕೆ ಬೆಳ್ಳಿಯ ಕಣ ಪ್ರಯೋಗಶಾಲೆಗೆ ಸಮೀಪ, ಕೆರೆಯ ಏರಿಗೆ ದೂರ. ಸಾಕುವವರ ಕೈಯಲ್ಲಿರುವುದು ಹಳೆಯ ಸಾಧನಗಳೇ. ಮರಿ ಬಿಡುವ ಮುನ್ನ ಕೊಳಕ್ಕೆ ಸುಣ್ಣ. ಮರಿಗಳನ್ನು ಬಲೆಯಿಂದ ಬಲೆಗೆ ಎರಚದೆ ನೀರಿನಲ್ಲಿಯೇ ಸಾಗಿಸುವ ನಾಜೂಕು. ಗಾಯಗೊಂಡ ಮೀನಿಗೆ ಲೀಟರು ನೀರಿಗೆ ಇಪ್ಪತ್ತರಿಂದ ಮೂವತ್ತು ಗ್ರಾಂ ಅಡುಗೆ ಉಪ್ಪು ಕರಗಿಸಿ ಕೆಲವೇ ನಿಮಿಷಗಳ ಸ್ನಾನ, ಅದೂ ಮೀನು ಮಗುಚಿಕೊಳ್ಳುವ ಸೂಚನೆ ಕಂಡೊಡನೆ ತಿಳಿನೀರಿಗೆ ವಾಪಸು. ಗೆಂಡೆಯ ಮೊಟ್ಟೆಯಿರುವ ತೊಟ್ಟಿಯಲ್ಲಂತೂ ಬೆಳ್ಳಗೆ ತಿರುಗಿದ ಮೊಟ್ಟೆಗಳುಳ್ಳ ಎಸಳನ್ನು, ಎಳೆ ಚಾಚುವುದಕ್ಕೆ ಮುಂಚೆ, ಕತ್ತರಿಸಿ ತೆಗೆಯುವ ಕೆಲಸ ದಿನವೂ ನಡೆಯಬೇಕು.