ಗರ್ಭಿಣಿಯ ಸಕ್ಕರೆ ಲೆಕ್ಕ ಮೊಬೈಲ್‌ನಲ್ಲಿ



ಸಂಘದ ಸಭೆಯಲ್ಲಿ ನಾವು ಉಳಿತಾಯ, ಸಾಲ, ಬಡ್ಡಿ ಎಲ್ಲವನ್ನೂ ಪುಸ್ತಕದಲ್ಲಿ ಬರೆಯುತ್ತೇವೆ. ಬಾಕಿ ಇದ್ದರೆ ಬಾಕಿ ಎಂದೇ ಬರೆಯುತ್ತೇವೆ. ಮುಚ್ಚಿಟ್ಟರೆ ಮುಂದೆ ಎಲ್ಲರಿಗೂ ತೊಂದರೆ. ಗರ್ಭಿಣಿಯ ಸಕ್ಕರೆ ಲೆಕ್ಕವೂ ಹೀಗೆಯೇ. ಈಗ ಈ ಲೆಕ್ಕ ಬರೆಯಲು ಮೊಬೈಲ್ ಆ್ಯಪ್‌ಗಳಿವೆ. ಅವುಗಳನ್ನು ಹೇಗೆ ಬಳಸಬೇಕು, ಎಷ್ಟು ನಂಬಬೇಕು ಎಂಬುದನ್ನು ಈ ಪಾಠದಲ್ಲಿ ತಿಳಿಯೋಣ.

ಗರ್ಭಿಣಿಗೆ ಸಕ್ಕರೆ ಏಕೆ ಏರುತ್ತದೆ?

ಗರ್ಭಕೋಶದಲ್ಲಿರುವ ಮಾಸು ಕೆಲವು ಹಾರ್ಮೋನುಗಳನ್ನು ಬಿಡುತ್ತದೆ. ಅವು ತಾಯಿಯ ಇನ್ಸುಲಿನ್ ಕೆಲಸಕ್ಕೆ ಅಡ್ಡಿ ಮಾಡುತ್ತವೆ. ಕೆಲವರಲ್ಲಿ ಇದರಿಂದ ಸಕ್ಕರೆ ಏರುತ್ತದೆ. ಇದು ತಾಯಿಯ ತಪ್ಪಲ್ಲ. ಆದರೆ ಹತೋಟಿಯಲ್ಲಿ ಇಡದಿದ್ದರೆ ಮಗು ಅತಿ ದಪ್ಪವಾಗಿ ಹೆರಿಗೆ ಕಷ್ಟವಾಗಬಹುದು. ಹುಟ್ಟಿದ ಕೂಡಲೇ ಮಗುವಿನ ಸಕ್ಕರೆ ತೀರಾ ಇಳಿಯಬಹುದು.

ಹೆಚ್ಚಿನವರಿಗೆ ಯಾವ ಲಕ್ಷಣವೂ ಕಾಣುವುದಿಲ್ಲ. ಆದ್ದರಿಂದ ಪರೀಕ್ಷೆಯೇ ದಾರಿ. 75 ಗ್ರಾಂ ಗ್ಲೂಕೋಸ್ ಕುಡಿಸಿ 2 ಗಂಟೆ ಬಿಟ್ಟು ರಕ್ತ ನೋಡುತ್ತಾರೆ. 140 ಅಥವಾ ಹೆಚ್ಚು ಬಂದರೆ ಗರ್ಭಿಣಿ ಮಧುಮೇಹ. ಮೊದಲ ತಪಾಸಣೆಯಲ್ಲೇ ಈ ಪರೀಕ್ಷೆ ಆಗಬೇಕು. ಸರಿ ಇದ್ದರೆ 24ರಿಂದ 28ನೇ ವಾರದೊಳಗೆ ಮತ್ತೊಮ್ಮೆ ಆಗಬೇಕು.

ಆ್ಯಪ್ ಬಳಸುವ ಬಗೆ

1. ಊಟ ಶುರು ಮಾಡಿದಾಗಲೇ 2 ಗಂಟೆಗೆ ಅಲಾರಂ ಇಡಿ. ಅಲಾರಂ ಹೊಡೆದಾಗ ಗ್ಲೂಕೋಮೀಟರ್‌ನಲ್ಲಿ ನೋಡಿ, ಬಂದ ಸಂಖ್ಯೆಯನ್ನೇ ಬರೆಯಿರಿ. ಸಾಮಾನ್ಯವಾಗಿ ಖಾಲಿ ಹೊಟ್ಟೆಯಲ್ಲಿ 95ಕ್ಕಿಂತ, ಊಟವಾದ 2 ಗಂಟೆಗೆ 120ಕ್ಕಿಂತ ಕಡಿಮೆ ಇರಬೇಕು.

2. ತಿಂದದ್ದನ್ನೂ ಬರೆಯಿರಿ: ಎಷ್ಟು ಮುದ್ದೆ, ಎಷ್ಟು ಅನ್ನ, ಎಷ್ಟು ಕಾಳು ಪಲ್ಯ. ತಟ್ಟೆಯ ಫೋಟೋ ತೆಗೆದರೂ ಆಗುತ್ತದೆ.

3. ಕೆಲವು ಹೊರದೇಶದ ಆ್ಯಪ್‌ಗಳಲ್ಲಿ ಅಳತೆಯೇ ಬೇರೆ. ಅಲ್ಲಿ 7.8 ಎಂದು ಕಂಡರೆ ಅದು ನಮ್ಮ 140. ಅಲ್ಲಿನ ಸಂಖ್ಯೆಯನ್ನು 18ರಿಂದ ಗುಣಿಸಿದರೆ ನಮ್ಮ ಲೆಕ್ಕ ಸಿಗುತ್ತದೆ. ಮೊದಲೇ ಸೆಟ್ಟಿಂಗ್‌ನಲ್ಲಿ ಸರಿ ಮಾಡಿಕೊಳ್ಳಿ.

4. ತಪಾಸಣೆಗೆ ಹೋಗುವಾಗ ತಾಯಿ ಕಾರ್ಡಿನ ಜೊತೆ ಫೋನನ್ನೂ ಒಯ್ಯಿರಿ. ಫೋನ್ ಮನೆಯವರ ಕೈಯಲ್ಲಿದ್ದರೆ ಒಂದು ನೋಟ್‌ಬುಕ್ಕಿನಲ್ಲಿ ಬರೆದರೂ ಸಾಕು.

"ಸೀಮಂತದ ದಿನ ಹೋಳಿಗೆ ತಿಂದೆ, 170 ಬಂತು, ಅದನ್ನ ಬರೆಯೋದು ಬೇಡ" ಅನ್ನಿಸುವುದು ಸಹಜ. ಆದರೆ ಆ 170 ನೋಡಿಯೇ ವೈದ್ಯರು ಸಲಹೆ ಕೊಡಬೇಕು. ಮುಚ್ಚಿಟ್ಟರೆ ಅವರು ಮೋಸ ಹೋಗುವುದಿಲ್ಲ, ನಮ್ಮ ಕೂಸು ಮೋಸ ಹೋಗುತ್ತದೆ.

ಆ್ಯಪ್ ಮಾಡಲಾರದ ಕೆಲಸ

ಇಂಗ್ಲೆಂಡಿನ ಆಕ್ಸ್‌ಫರ್ಡ್‌ನಲ್ಲಿ 203 ಗರ್ಭಿಣಿಯರ ಮೇಲೆ ನಡೆದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಆ್ಯಪ್ ಬಳಸಿದವರ ಸಕ್ಕರೆ, ಬಳಸದವರದಕ್ಕಿಂತ ಹೆಚ್ಚೇನೂ ಇಳಿಯಲಿಲ್ಲ. ಆದರೆ ಅವರು ದಿನಕ್ಕೆ ಹೆಚ್ಚು ಸಲ ರಕ್ತ ನೋಡಿ ಬರೆದರು, ಆರೈಕೆಯ ಬಗ್ಗೆ ಹೆಚ್ಚು ತೃಪ್ತರಾಗಿದ್ದರು. ಆ ಸಂಖ್ಯೆಗಳನ್ನು ಆಸ್ಪತ್ರೆಯ ದಾದಿಯರು ಅತ್ತ ಕಡೆ ನೋಡುತ್ತಿದ್ದರು. ಆದ್ದರಿಂದ ಆ್ಯಪ್ ಲೆಕ್ಕದ ಪುಸ್ತಕ ಮಾತ್ರ. ಅದನ್ನು ಓದಿ ದಾರಿ ಹೇಳುವವರು ಬೇಕೇ ಬೇಕು.

ಆ್ಯಪ್ ಹೇಳಿತೆಂದು ಇನ್ಸುಲಿನ್ ಅಥವಾ ಮಾತ್ರೆಯನ್ನು ಹೆಚ್ಚು ಕಡಿಮೆ ಮಾಡಬೇಡಿ. ಸಕ್ಕರೆ ಇಳಿಸಲು ಉಪವಾಸ ಇರಬೇಡಿ. ಫೋನಿನಲ್ಲಿ ಬರುವ "15 ದಿನದಲ್ಲಿ ಸಕ್ಕರೆ ಮಾಯ" ಎಂಬ ಜಾಹೀರಾತು ನಂಬಿ ದುಡ್ಡು ಕಳೆಯಬೇಡಿ. ಬೆವರು, ನಡುಕ, ತಲೆಸುತ್ತು ಬಂದು ಸಕ್ಕರೆ 70ಕ್ಕಿಂತ ಕೆಳಗಿದ್ದರೆ ಬರೆಯುತ್ತಾ ಕೂರಬೇಡಿ. ಒಂದು ಲೋಟ ನೀರಿಗೆ 3 ಚಮಚ ಗ್ಲೂಕೋಸ್ ಪುಡಿ ಹಾಕಿ ಕುಡಿದು, ಮಲಗಿ ವಿಶ್ರಾಂತಿ ಪಡೆದು, ನಂತರ ಊಟ ಮಾಡಿ, ವೈದ್ಯರಿಗೆ ತಿಳಿಸಿ.

ಹೆರಿಗೆಯಾಯಿತೆಂದು ಲೆಕ್ಕ ಮುಚ್ಚಬೇಡಿ. 6 ವಾರದ ನಂತರ ಮತ್ತೆ ಪರೀಕ್ಷೆ ಮಾಡಿಸಬೇಕು. ಗರ್ಭಿಣಿಯಾಗಿದ್ದಾಗ ಸಕ್ಕರೆ ಏರಿದವರಿಗೆ ಮುಂದೆ ಮಧುಮೇಹ ಬರುವ ಸಾಧ್ಯತೆ ಹೆಚ್ಚು. ಈ ದಿನಾಂಕವನ್ನೂ ಫೋನಿನಲ್ಲಿ ಈಗಲೇ ಹಾಕಿಡಿ.

ಸಂಘದಲ್ಲಿ ಚರ್ಚಿಸಿರಿ

1. ನಮ್ಮ ಸಂಘದ ಗರ್ಭಿಣಿಯರಲ್ಲಿ ಎಷ್ಟು ಮಂದಿಗೆ ಸಕ್ಕರೆ ಪರೀಕ್ಷೆ ಆಗಿದೆ?
2. ಆ್ಯಪ್ ಓದಲು ಬಾರದವರಿಗೆ ನಮ್ಮಲ್ಲಿ ಯಾರು ಸಹಾಯ ಮಾಡಬಹುದು?
3. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ನಡೆಯುವ ಗರ್ಭಿಣಿಯರ ಉಚಿತ ತಪಾಸಣೆಗೆ ಅವರ ಜೊತೆ ಯಾರು ಹೋಗುತ್ತೀರಿ?